ನೀಲಿ ದ್ರಾಕ್ಷಿಯೂ ಕೆಂಪು ವೈನೂ

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಕಲ್ಲುಕಂಬದ ಚಪ್ಪರಗಳ ಕೆಳಗೆ ನೀಲಿ ದ್ರಾಕ್ಷಿ ಬಣ್ಣಕ್ಕೆ ತಿರುಗಿತೆಂದರೆ ಬೆಳೆಗಾರನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಈ ಸಲ ಕಿಲೋಗೆ ಎಷ್ಟು? ವ್ಯಾಪಾರಿ ತೋಟಕ್ಕೆ ಬರುತ್ತಾನೆ, ಗೊಂಚಲು ಮುಟ್ಟುತ್ತಾನೆ, ಒಂದು ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಾನೆ, ಒಂದು ಬೆಲೆ ಹೇಳುತ್ತಾನೆ. ಆ ಒಂದು ಹಣ್ಣಿನಿಂದ ಅವನಿಗೆ ತಿಳಿದದ್ದೇನು, ವರ್ಷವೆಲ್ಲಾ ಬಳ್ಳಿಯ ಬುಡದಲ್ಲಿ ದುಡಿದ ನಮಗೆ ತಿಳಿಯದೆ ಹೋದದ್ದೇನು ಎಂದು ನಾವು ಕೇಳಿಕೊಂಡದ್ದು ಕಡಿಮೆ.

ನಮ್ಮ ದ್ರಾಕ್ಷಿಯಲ್ಲಿ ಒಂದು ಪಾಲು ತಿನ್ನಲು ಹೋಗುತ್ತದೆ, ಒಂದು ಪಾಲು ರಸಕ್ಕೆ ಹೋಗುತ್ತದೆ, ಮತ್ತೊಂದು ಪಾಲು ವೈನಿಗೆ ಹೋಗುತ್ತದೆ. ಹಾಗೆ ಹೋದ ದ್ರಾಕ್ಷಿ ಕೆಲವು ತಿಂಗಳ ನಂತರ ಶೀಶೆಯಲ್ಲಿ ಕುಳಿತು ನಮ್ಮ ಮಗ್ಗುಲಿಗೇ ಮರಳಿ ಬರುತ್ತದೆ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಸಾಲಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಹೋಟೆಲುಗಳಲ್ಲಿ, ಪೀಣ್ಯದ ಸುತ್ತ ಎದ್ದಿರುವ ಬಡಾವಣೆಗಳ ಅಂಗಡಿಗಳಲ್ಲಿ ಅದು ಮಾರಾಟವಾಗುತ್ತದೆ. ತೋಟದಿಂದ ಆ ಮೇಜಿಗೆ ಒಂದೆರಡು ತಾಸಿನ ದಾರಿ. ಆದರೆ ಬೆಳೆದವನಿಗೂ ಕುಡಿಯುವವನಿಗೂ ನಡುವೆ ಇರುವ ಅರಿವಿನ ಅಂತರ ಬಹಳ ದೊಡ್ಡದು. ಆ ಅಂತರದಲ್ಲಿಯೇ ನಮ್ಮ ಬೆಲೆ ಕರಗುತ್ತಿದೆ. ಆದಕಾರಣ ಈ ವಾರ ಕೆಂಪು ವೈನಿನ ರುಚಿ, ಮೂಲ, ಅದರ ಜೊತೆಗೆ ಒಗ್ಗುವ ಊಟ ಇವುಗಳ ವಿಚಾರ.

ಕೃಷಿ ಪುಟದಲ್ಲಿ ಮದ್ಯದ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಅವರ ಆಕ್ಷೇಪಣೆ ನ್ಯಾಯವಾದದ್ದೇ. ಕುಡಿತದಿಂದ ಮನೆ ಮುರಿದ ಸಂಸಾರಗಳು ಯಾವ ಹಳ್ಳಿಯಲ್ಲಿಲ್ಲ? ವೈನಿನಲ್ಲಿಯೂ ಅಮಲಿನ ಅಂಶ ಉಂಟು, ಅದು ಆರೋಗ್ಯಕ್ಕೆ ಒಳ್ಳೆಯದೆಂಬ ಪ್ರಚಾರವನ್ನು ನಂಬಬೇಕಾಗಿಲ್ಲ. ಕುಡಿಯಿರಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಹೊಗೆಸೊಪ್ಪು ಬೆಳೆಯುವ ರೈತ ಬೀಡಿ ಸೇದದಿದ್ದರೂ ಎಲೆಯ ದರ್ಜೆ ಬಲ್ಲ. ದ್ರಾಕ್ಷಿ ಬೆಳೆಯುವವನೂ ತನ್ನ ಹಣ್ಣು ಏನಾಗುತ್ತದೆಂಬುದನ್ನು ಹಾಗೆಯೇ ಬಲ್ಲವನಾಗಬೇಕು ಎಂಬುದಷ್ಟೇ ನಮ್ಮ ಮಾತು.

ಬಣ್ಣ ಸಿಪ್ಪೆಯದು, ಅಮಲು ಸಕ್ಕರೆಯದು

ನೀಲಿ ದ್ರಾಕ್ಷಿಯನ್ನು ಹಿಸುಕಿ ನೋಡಿ. ಒಳಗಿನ ತಿರುಳು ನಸುಹಸಿರು, ರಸವೂ ಬಹುಮಟ್ಟಿಗೆ ಬಣ್ಣವಿಲ್ಲದ್ದು. ಬಣ್ಣವಿರುವುದು ಸಿಪ್ಪೆಯಲ್ಲಿ. ಕೆಂಪು ವೈನು ಮಾಡುವಾಗ ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಒಡೆದು, ರಸವನ್ನು ಸಿಪ್ಪೆ ಬೀಜಗಳ ಜೊತೆಯಲ್ಲಿಯೇ ಹುದುಗಲು ಬಿಡುತ್ತಾರೆ. ಬಿಳಿ ವೈನಿಗಾದರೆ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುತ್ತಾರೆ. ಕೆಂಪಿಗೂ ಬಿಳಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಹುದುಗುವುದೆಂದರೆ ದೋಸೆ ಹಿಟ್ಟು ಉಬ್ಬುವ ಹಾಗೆಯೇ ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದಲ್ಲಿನ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲಾಮ್ಲ ಅನಿಲವನ್ನು ಬಿಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಯಿದ್ದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ರಸದ ಸಿಹಿಯನ್ನು ಬ್ರಿಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಮ್ಮ ನೀಲಿ ದ್ರಾಕ್ಷಿ ಸಾಮಾನ್ಯವಾಗಿ 16ರಿಂದ 18 ಬ್ರಿಕ್ಸ್ ಮುಟ್ಟುತ್ತದೆ. ಅಷ್ಟು ಸಿಹಿಯಿಂದ ಶೇಕಡಾ 9 ಅಥವಾ 10ರಷ್ಟು ಮಾತ್ರ ಆಲ್ಕೋಹಾಲ್ ಬಂದೀತು. ಕೆಂಪು ವೈನಿಗೆ ಬೇಕಾದದ್ದು ಸುಮಾರು 12ರಿಂದ 14. ವೈನಿಗೆಂದೇ ಬೆಳೆಸುವ ವಿದೇಶಿ ತಳಿಗಳನ್ನು 23, 24 ಬ್ರಿಕ್ಸ್ ಬರುವವರೆಗೆ ಬಳ್ಳಿಯಲ್ಲಿಯೇ ಬಿಡುವುದು ಅದಕ್ಕಾಗಿ. ವ್ಯಾಪಾರಿ ಹಣ್ಣು ಬಾಯಿಗಿಟ್ಟು ಲೆಕ್ಕ ಹಾಕುವುದು ಈ ಸಿಹಿಯನ್ನೇ. ಅಂಗೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಉಪಕರಣದ ಮೇಲೆ ಒಂದು ಹನಿ ರಸ ಬಿಟ್ಟು ನೋಡಿದರೆ ಅದೇ ಲೆಕ್ಕ ನಮ್ಮ ಕಣ್ಣಿಗೂ ಕಾಣುತ್ತದೆ. ಹತ್ತು ಮಂದಿ ಬೆಳೆಗಾರರು ಸೇರಿ ಒಂದನ್ನು ಇಟ್ಟುಕೊಳ್ಳುವುದು ದೊಡ್ಡ ಖರ್ಚಲ್ಲ. ಅಳತೆ ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ.

ಒಗರೆಂಬ ಗುಣ

ಕೆಂಪು ವೈನಿನ ರುಚಿಯಲ್ಲಿ ಮೊದಲು ಗಮನಿಸಬೇಕಾದದ್ದು ಒಗರು. ಎಳೆಯ ಅಡಿಕೆ ಜಗಿದಾಗ, ನೇರಳೆ ಹಣ್ಣು ತಿಂದಾಗ ನಾಲಿಗೆ ಎಳೆದು ಹಿಡಿದಂತಾಗುತ್ತದಲ್ಲ, ಅದೇ ಗುಣ. ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್ ಎಂಬ ಪದಾರ್ಥ ಅದಕ್ಕೆ ಕಾರಣ. ಹದವಾದ ಒಗರಿದ್ದರೆ ವೈನಿಗೆ ಮೈ ಬರುತ್ತದೆ, ಬಾಳಿಕೆ ಬರುತ್ತದೆ. ಬೀಜವನ್ನು ಜಜ್ಜಿಬಿಟ್ಟರೆ ಒಗರಿನ ಜೊತೆ ಕಹಿಯೂ ಇಳಿಯುತ್ತದೆ. ಆಮೇಲೆ ಹುಳಿ. ಹುಳಿ ಸಾಲದ ವೈನು ಉಪ್ಪಿಲ್ಲದ ಸಾರಿನಂತೆ ಸಪ್ಪೆ. ಹಣ್ಣು ಹೆಚ್ಚು ಮಾಗಿದಷ್ಟೂ ಸಿಹಿ ಏರುತ್ತದೆ, ಹುಳಿ ಇಳಿಯುತ್ತದೆ. ಇವೆರಡೂ ಸರಿದೂಗುವ ದಿನ ಕೊಯ್ಯುವುದರಲ್ಲಿಯೇ ತೋಟಗಾರನ ಜಾಣತನವಿದೆ. ಕೊನೆಯದು ಪರಿಮಳ. ಓಕ್ ಮರದ ಪೀಪಾಯಿಯಲ್ಲಿ ಕೆಲವು ತಿಂಗಳು ಇಟ್ಟ ವೈನಿಗೆ ವೆನಿಲ್ಲಾ, ಲವಂಗಗಳ ಛಾಯೆ ಬರುತ್ತದೆ. ಉಳಿದ ಪರಿಮಳವೆಲ್ಲಾ ಬಹುಪಾಲು ತಳಿಯದು, ಮಣ್ಣು ಹವೆಗಳದು.

ಎರಡು ಕುಲದ ದ್ರಾಕ್ಷಿ

ದ್ರಾಕ್ಷಿ ವೈನಿನ ಅತ್ಯಂತ ಹಳೆಯ ಕುರುಹು ಸಿಕ್ಕಿರುವುದು ಕಪ್ಪು ಸಮುದ್ರದಾಚೆಯ ಜಾರ್ಜಿಯಾ ದೇಶದಲ್ಲಿ. ಅಲ್ಲಿನ ಮಣ್ಣಿನ ಗಡಿಗೆಗಳ ಒಳಮೈಯಲ್ಲಿ ಸುಮಾರು 8,000 ವರ್ಷ ಹಿಂದಿನ ದ್ರಾಕ್ಷಾರಸದ ಅಂಶ ಇರುವುದನ್ನು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಆ ಹಳೆಯ ಕುಲ ವಿನಿಫೆರಾ. ಯುರೋಪಿನ ಹೆಸರಾಂತ ವೈನುಗಳೆಲ್ಲಾ ಅದರವೇ. ಈಗ ನಂದಿ ಬೆಟ್ಟದ ತಪ್ಪಲಿನಲ್ಲಿ ಬೆಳೆಯುವ ಶಿರಾಜ್ ಮತ್ತು ಕ್ಯಾಬರ್ನೆ ಸೋವಿನ್ಯೋನ್ ಆ ಕುಲಕ್ಕೆ ಸೇರಿದವು. ಶಿರಾಜ್ ಪರ್ಷಿಯಾದ ಶಿರಾಜ್ ಪಟ್ಟಣದಿಂದ ಬಂದದ್ದೆಂಬ ಕಥೆ ಬಹಳ ಕಾಲ ಓಡಿತು. 1990ರ ದಶಕದ ಕೊನೆಯಲ್ಲಿ ನಡೆದ ವಂಶವಾಹಿ ಪರೀಕ್ಷೆ ಅದನ್ನು ಸುಳ್ಳಾಗಿಸಿತು. ಅದು ಫ್ರಾನ್ಸಿನ ಆಗ್ನೇಯ ಭಾಗದ ಎರಡು ತಳಿಗಳು ಕೂಡಿ ಹುಟ್ಟಿದ ಕೂಸು. ಕ್ಯಾಬರ್ನೆ ಸೋವಿನ್ಯೋನ್ ಕೂಡ ಒಂದು ಕರಿ, ಒಂದು ಬಿಳಿ ತಳಿಯ ಸಹಜ ಸಂಕರವೆಂದು 1997ರಲ್ಲಿ ತಿಳಿದುಬಂತು.

ನಮ್ಮ ಬೆಂಗಳೂರು ನೀಲಿ ಈ ಮನೆತನದ್ದಲ್ಲ. ಅದನ್ನು ಅಮೆರಿಕದ ಇಸಬೆಲ್ಲ ಎಂಬ ತಳಿಯೆಂದು ಗುರುತಿಸುತ್ತಾರೆ. ಅಮೆರಿಕದ ಕಾಡುದ್ರಾಕ್ಷಿ ಲಬ್ರುಸ್ಕಕ್ಕೂ ವಿನಿಫೆರಾಕ್ಕೂ ಆದ ಸಂಕರ ಅದು. ಕಾಡಿನ ರಕ್ತವಿರುವುದರಿಂದಲೇ ನಮ್ಮ ಮಳೆ, ಮಂಜು, ರೋಗಗಳನ್ನು ಅದು ಬೇರೆ ತಳಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಚಾಟನಿ ಸರಿಯಾಗಿ ಮಾಡಿದರೆ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ದಪ್ಪ ಸಿಪ್ಪೆ, ಜಾರುವ ತಿರುಳು, ಮೂಗಿಗೆ ದೂರದಿಂದಲೇ ಬಡಿಯುವ ಕಸ್ತೂರಿಯಂಥ ವಾಸನೆ ಅದರ ಗುರುತುಗಳು. ಈ ವಾಸನೆಯನ್ನು ಇಂಗ್ಲಿಷ್ ಬಲ್ಲ ವೈನ್ ಪಂಡಿತರು ‘ನರಿ ವಾಸನೆ’ ಎಂದು ಕರೆದು ಮೂಗು ಮುರಿಯುತ್ತಾರೆ. ಫ್ರಾನ್ಸ್ ದೇಶವು 1934ರಲ್ಲಿ ಇಸಬೆಲ್ಲವೂ ಸೇರಿದಂತೆ ಅಮೆರಿಕದ ರಕ್ತವುಳ್ಳ ಆರು ತಳಿಗಳನ್ನು ನಿಷೇಧಿಸಿತು. ಆಗ ಅಲ್ಲಿ ವೈನಿನ ಉತ್ಪಾದನೆ ಮಿತಿಮೀರಿ ಬೆಲೆ ಬಿದ್ದುಹೋಗಿತ್ತು ಎಂಬುದನ್ನೂ ಜೊತೆಯಲ್ಲಿ ನೆನೆಯಬೇಕು. ಅತ್ತ ಬ್ರೆಜಿಲಿನ ದಕ್ಷಿಣ ಭಾಗದವರು ಇದೇ ಇಸಬೆಲ್ಲವನ್ನು ನಾಚಿಕೆಯಿಲ್ಲದೆ ಬೆಳೆದು, ಜನಸಾಮಾನ್ಯರ ವೈನನ್ನೂ ದೊಡ್ಡ ಪ್ರಮಾಣದಲ್ಲಿ ದ್ರಾಕ್ಷಿ ರಸವನ್ನೂ ಮಾಡಿ ಬದುಕುತ್ತಿದ್ದಾರೆ. ನರಿ ವಾಸನೆಯೋ ಸುವಾಸನೆಯೋ ಎಂಬುದು ಉಣ್ಣುವವನ ಅಭ್ಯಾಸದ ಮೇಲೆ ನಿಂತ ಮಾತು.

ನಮ್ಮ ನೆಲದಲ್ಲಿ

ಫ್ರೆಂಚ್ ತಳಿಗಳು ನಮ್ಮ ಕೆಂಪು ಮಣ್ಣಿಗೆ ಬಂದದ್ದು ಈಚೆಗೆ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಜ್ಞರ ನೆರವಿನಿಂದ ಹಲವು ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಂದಿ ಬೆಟ್ಟದ ತಪ್ಪಲಿನ ತೋಟಕ್ಕೆ ಅಡಿಪಾಯ ಹಾಕಿದರು. ಅಲ್ಲಿನ ಮೊದಲ ವೈನು 1992ರಲ್ಲಿ ಹೊರಬಂತು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಮೈದಾನ, ನೀರು ನಿಲ್ಲದ ಮಣ್ಣು, ಹಗಲು ಬಿಸಿಲು, ರಾತ್ರಿ ತಂಪು ಇವೆಲ್ಲಾ ಅದಕ್ಕೆ ಒದಗಿದವು.

ನಮ್ಮವರೂ ಕೈಕಟ್ಟಿ ಕೂರಲಿಲ್ಲ. ಪೀಣ್ಯದಾಚೆ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರು ನೀಲಿಯನ್ನೇ ತಾಯಿಯಾಗಿಟ್ಟುಕೊಂಡು ಬೇರೆ ತಳಿಗಳೊಡನೆ ಸಂಕರ ಮಾಡಿ ಅರ್ಕಾ ಶ್ಯಾಮ್, ಅರ್ಕಾ ಹಂಸ್, ಅರ್ಕಾ ತೃಷ್ಣಾ ಎಂಬ ತಳಿಗಳನ್ನು ಕೊಟ್ಟರು. ವೈನಿಗೆ ಒದಗುವ ಗುಣ ಇವುಗಳಲ್ಲಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇವು ಒಳ್ಳೆಯ ಉದಾಹರಣೆ. ಬಹುಮಂದಿ ಬೆಳೆಗಾರರಿಗೆ ಈ ಹೆಸರುಗಳ ಪರಿಚಯವೇ ಇಲ್ಲ.

ಇನ್ನು ವೈಟ್‌ಫೀಲ್ಡ್. ಇದು 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಡಿ.ಎಸ್. ವೈಟ್ ಅವರ ಪ್ರಯತ್ನದಿಂದ ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿ ಬದುಕಲೆಂದು ಹುಟ್ಟಿದ ಊರು. ದ್ರಾಕ್ಷಿ ಹಣ್ಣಿಗೆ ಸಕ್ಕರೆ, ಯೀಸ್ಟ್, ಲವಂಗ ಚಕ್ಕೆ ಸೇರಿಸಿ ಜಾಡಿಯಲ್ಲಿ ಹುದುಗಿಸಿ ಕ್ರಿಸ್‌ಮಸ್ ಹಬ್ಬಕ್ಕೆ ಸಿಹಿ ವೈನು ಮಾಡುವುದು ಆ ಸಮಾಜದ ಹಳೆಯ ವಾಡಿಕೆ. ಹಾಗೆ ನೋಡಿದರೆ ಕೆಂಪು ವೈನು ಈ ಭಾಗಕ್ಕೆ ಕಂಪ್ಯೂಟರ್ ಕಂಪನಿಗಳ ಜೊತೆ ಬಂದ ಹೊಸ ಸಂಗತಿಯೇನಲ್ಲ. ಮನೆಯಲ್ಲಿ ಮಾಡಿ ಪರವಾನಗಿಯಿಲ್ಲದೆ ಮಾರುವುದು ಅಪರಾಧವೆಂಬುದನ್ನು ಮಾತ್ರ ಯಾರೂ ಮರೆಯಬಾರದು.

ಊಟದ ಎಲೆಗೆ ಯಾವುದು?

ವೈನಿಗೆ ಊಟದ ಜೋಡಿ ಹುಡುಕುವುದು ದೊಡ್ಡವರ ಶೋಕಿ ಎಂದು ತಳ್ಳಿಹಾಕಬೇಡಿ. ಕೊಳ್ಳುವವನು ಯಾವ ಶೀಶೆಯನ್ನು ಎರಡನೆಯ ಸಲ ಕೊಳ್ಳುತ್ತಾನೆ ಎಂಬುದನ್ನು ನಿರ್ಧರಿಸುವುದು ಇದೇ. ಇದರ ಹಿಂದಿನ ತತ್ತ್ವ ಸುಲಭವಾದದ್ದು. ಒಗರಿಗೆ ಕೊಬ್ಬು ಮತ್ತು ಮಾಂಸದ ಸತ್ತ್ವ ಒಗ್ಗುತ್ತದೆ. ಅವು ಟ್ಯಾನಿನ್ನನ್ನು ಹಿಡಿದುಕೊಂಡು ನಾಲಿಗೆಗೆ ಮೃದು ಮಾಡುತ್ತವೆ. ಆದ್ದರಿಂದ ಸಿಹಿಯಿಲ್ಲದ ಶಿರಾಜ್, ಕ್ಯಾಬರ್ನೆ ವೈನುಗಳಿಗೆ ಬನ್ನೂರು ಕುರಿಯ ಹುರಿದ ಮಾಂಸ, ಕಾಳುಮೆಣಸು ಮುಂದಾಗಿರುವ ಕೊಡಗಿನ ಹಂದಿ ಕರಿ ಒಳ್ಳೆಯ ಜೋಡಿ. ಮಾಂಸ ತಿನ್ನದವರಿಗೆ ಕಡಲೆಕಾಯಿ, ಎಳ್ಳು ಅರೆದು ತುಂಬಿದ ಬದನೆಕಾಯಿ ಎಣ್ಣೆಗಾಯಿ, ಹುರಿದ ಅಣಬೆ ಹೊಂದುತ್ತವೆ.

ಆದರೆ ಖಾರ ಬೇರೆ ಮಾತು. ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಧಾರಾಳವಾಗಿ ಬಿದ್ದ ಸಾರಿನ ಜೊತೆ ಒಗರಾದ ವೈನು ಜಗಳವಾಡುತ್ತದೆ. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಖಾರವು ಒಗರನ್ನು ಕಹಿಯಾಗಿ ತೋರಿಸುತ್ತದೆ. ಅಲ್ಲಿ ನೆರವಿಗೆ ಬರುವುದು ಸಿಹಿ. ನಮ್ಮ ನೀಲಿ ದ್ರಾಕ್ಷಿಯ ಸಿಹಿ ವೈನು, ಒಗರು ಕಡಿಮೆ, ಹಣ್ಣಿನ ಘಮ ಹೆಚ್ಚು, ನಾಟಿ ಕೋಳಿ ಸಾರಿಗೂ ಮುದ್ದೆಗೂ ಒಗ್ಗುವಷ್ಟು ಫ್ರಾನ್ಸಿನ ದುಬಾರಿ ಕೆಂಪು ಒಗ್ಗಲಾರದು. ಹಣ್ಣಿನ ಕೇಕಿಗೂ ಅದು ಸರಿ. ಮೀನಿಗೆ ಮಾತ್ರ ಕೆಂಪು ವೈನು ಬೇಡ, ಮೀನಿನ ನೀಚು ವಾಸನೆ ಎದ್ದು ಬರುತ್ತದೆ. ಮೊಸರನ್ನಕ್ಕೂ ಅದು ಸಲ್ಲದು.

ಈ ಪುಟದ ಮುಖ್ಯ ಮಾತು ಇಲ್ಲಿಯೇ ಇದೆ. ನೀಲಿ ದ್ರಾಕ್ಷಿಯನ್ನು ಫ್ರೆಂಚ್ ದ್ರಾಕ್ಷಿಯ ಬಡ ನೆಂಟನೆಂದು ಮಾರಿದರೆ ಬಡವನ ಬೆಲೆಯೇ ಸಿಗುತ್ತದೆ. ಅಗ್ಗದ ಸಿಹಿ ‘ಪೋರ್ಟ್’ ವೈನುಗಳಿಗೆ ಈ ದ್ರಾಕ್ಷಿ ಹೋಗುತ್ತದೆ. ಪೋರ್ಟ್ ಎಂಬುದು ಪೋರ್ಚುಗಲ್ ದೇಶದ ಪೋರ್ಟೋ ನಗರದ ಹೆಸರು. ಹಣ್ಣು ನಮ್ಮದು, ಶೀಶೆಯ ಮೇಲೆ ಇನ್ನೊಬ್ಬರ ಊರಿನ ಹೆಸರು! ನಮ್ಮ ಹೆಸರಿಗೆ ಕಾನೂನಿನ ರಕ್ಷಣೆಯೂ ಇದೆ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಈ ಮಾನ್ಯತೆ ಕಚೇರಿಯ ಗೋಡೆಯ ಮೇಲಿನ ಚೌಕಟ್ಟಾಗಿ ಉಳಿದರೆ ಪ್ರಯೋಜನವಿಲ್ಲ. ಅದು ಶೀಶೆಯ ಮೇಲಿನ ಚೀಟಿಯಲ್ಲಿ, ರಸದ ಡಬ್ಬಿಯ ಮೇಲೆ ಕಾಣಬೇಕು.

1959ರ ಪಾಠ

ಬೆಳೆಗಾರರು ಒಗ್ಗಟ್ಟಾಗುವುದು ಆಗದ ಕೆಲಸವೆನ್ನುವವರಿಗೆ ಒಂದು ಹಳೆಯ ಸಂಗತಿ. ಇಂದು ನಗರದ ಮೂಲೆಮೂಲೆಯಲ್ಲಿ ಮಳಿಗೆಯಿಟ್ಟಿರುವ ಹಾಪ್‌ಕಾಮ್ಸ್ ಹುಟ್ಟಿದ್ದು ದ್ರಾಕ್ಷಿಯಿಂದ. ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ಅದು ಆರಂಭವಾದಾಗ ಅದರ ಹೆಸರು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣ ಸಹಕಾರ ಸಂಘ. ಹೆಸರಿನಲ್ಲಿಯೇ ‘ಸಂಸ್ಕರಣ’ ಇದ್ದುದನ್ನು ಗಮನಿಸಿ. ಹಣ್ಣನ್ನು ಹಣ್ಣಾಗಿ ಮಾತ್ರ ಮಾರಿದರೆ ಬೆಳೆಗಾರನಿಗೆ ಉಳಿಗಾಲವಿಲ್ಲವೆಂದು ಅಂದಿನವರು ಕಂಡಿದ್ದರು. ಆಮೇಲೆ ಸಂಘ ಬೆಳೆಯಿತು, ಎಲ್ಲ ಹಣ್ಣು ತರಕಾರಿಗಳೂ ಸೇರಿದವು, ಅದು ಒಳ್ಳೆಯದೇ. ಆದರೆ ದ್ರಾಕ್ಷಿ ಬೆಳೆಗಾರನ ಆ ಮೊದಲ ಆಸೆ ಪೂರ್ಣವಾಗಲಿಲ್ಲ.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಅದಕ್ಕಾಗಿ ಮಂಡಳಿಯನ್ನೂ ರಚಿಸಿತು. ನೀತಿಯ ಫಲ ಕಾರ್ಖಾನೆಯ ಬಾಗಿಲವರೆಗೆ ಬಂದಿದೆ, ಅದು ಚಪ್ಪರದ ಕೆಳಗೂ ಬರಬೇಕು. ನಮ್ಮ ಸಲಹೆಗಳು ಸರಳವಾದವು. ಶಿರಾಜ್ ನಾಟಿಗೆ ಯಾರಾದರೂ ಪ್ರೇರೇಪಿಸಿದರೆ ಕೊಳ್ಳುವವರ ಲಿಖಿತ ಕರಾರು ಕೈಗೆ ಬರುವವರೆಗೆ ನೀಲಿ ಬಳ್ಳಿಗೆ ಕೊಡಲಿ ಹಾಕಬೇಡಿ. ವೈನ್ ತಳಿಗೆ ರೋಗ ಹೆಚ್ಚು, ಗುಣಕ್ಕಾಗಿ ಫಸಲನ್ನು ಬೇಕೆಂದೇ ಕಡಿಮೆ ಮಾಡಬೇಕು, ಮಾರುಕಟ್ಟೆಯಲ್ಲಿ ತಿನ್ನುವ ಹಣ್ಣಾಗಿ ಮಾರಲೂ ಬರುವುದಿಲ್ಲ. ಕೊಳ್ಳುವವನು ಕೈಬಿಟ್ಟರೆ ಗತಿಯಿಲ್ಲ. ಕರಾರಿನಲ್ಲಿ ತೂಕದ ಜೊತೆಗೆ ಬ್ರಿಕ್ಸಿಗೂ ಬೆಲೆ ಕಟ್ಟಿಸಿ. ಸಿಹಿ ಅಳೆಯುವಾಗ ನೀವೂ ಎದುರಿಗಿರಿ. ವೈನು ಬೇಡವೆನ್ನುವ ಊರುಗಳವರು ರಸ, ಜಾಮುಗಳ ದಾರಿ ಹಿಡಿಯಬಹುದು, ನೀಲಿ ದ್ರಾಕ್ಷಿಯ ಬಣ್ಣ ಘಮಗಳಿಗೆ ಅಲ್ಲಿಯೂ ಸರಿಸಾಟಿ ಕಡಿಮೆ. ತೋಟಗಾರಿಕಾ ಇಲಾಖೆಯು ಪ್ರತಿ ಸುಗ್ಗಿಯಲ್ಲಿಯೂ ಹೋಬಳಿ ಮಟ್ಟದಲ್ಲಿ ಸಿಹಿ ಹುಳಿ ಪರೀಕ್ಷೆಯ ಏರ್ಪಾಟು ಮಾಡಲಿ.

ಭೂಮಿ ಉಳಿದರೆ ಬಳ್ಳಿ

ಇಷ್ಟೆಲ್ಲಾ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯಾದವು. ಅದೇ ಕಾಲದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಾಯಿತು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ಇಳಿಯಿತು, ಜೊತೆಯಲ್ಲಿಯೇ ಭೂಮಿಯ ಬೆಲೆ ಆಕಾಶಕ್ಕೇರಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳುವ ಪ್ರಸ್ತಾಪದ ವಿರುದ್ಧ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನವನ್ನು ಕೈಬಿಡುವುದಾಗಿ ಸಾರಿದರು. ಕೈಗಾರಿಕೆಯೂ ಬೇಕು, ನಮ್ಮ ಮಕ್ಕಳಿಗೆ ಅಲ್ಲಿ ಕೆಲಸವೂ ಬೇಕು. ಆದರೆ ಹಸಿರು ಚಪ್ಪರಗಳನ್ನೆಲ್ಲಾ ಕಿತ್ತ ಮೇಲೆ ಭೌಗೋಳಿಕ ಗುರುತಿನ ಪತ್ರದಲ್ಲಿ ಭೂಗೋಳವೆಲ್ಲಿ ಉಳಿಯಿತು? ಧರಣಿಯಿಂದ ಭೂಮಿ ಒಂದು ಸಲ ಉಳಿಯಬಹುದು. ಮಗ ತೋಟದಲ್ಲಿ ನಿಲ್ಲಬೇಕಾದರೆ ತೋಟ ಅವನಿಗೆ ವರ್ಷವರ್ಷವೂ ಅನ್ನ ಕೊಡಬೇಕು.

ಮುಂದಿನ ಸಲ ವ್ಯಾಪಾರಿ ತೋಟಕ್ಕೆ ಬಂದು ಹಣ್ಣು ಬಾಯಿಗಿಟ್ಟಾಗ, ಬೆಳೆಗಾರನೇ ಮೊದಲು ಮಾತಾಡಲಿ. ಇದು ಇಷ್ಟು ಬ್ರಿಕ್ಸ್, ಇದರ ಹುಳಿ ಹೀಗಿದೆ, ಇದು ಇಂಥ ವೈನಿಗೆ ಅಥವಾ ಇಂಥ ರಸಕ್ಕೆ ತಕ್ಕದ್ದು, ಇದರ ಬೆಲೆ ಇಷ್ಟು ಎಂದು ಹೇಳಲಿ. ವಾಚನಾಲಯದಲ್ಲಿ ಈ ಪುಟ ಓದುವ ದ್ರಾಕ್ಷಿ ಬೆಳೆಗಾರರು ನಾಲ್ಕು ಮಂದಿ ಸೇರಿ ಈ ಸುಗ್ಗಿಯೊಳಗೆ ಒಂದು ರಿಫ್ರಾಕ್ಟೋಮೀಟರ್ ಕೊಂಡರೂ ಸಾಕು, ಕೆಲಸ ಆರಂಭವಾದಂತೆಯೇ.